ಮನೆಗಳಿಗೆ ತಾಲೀಮು ಕೊಟ್ಟ ಮಾಸ್ತರು

ಮಾಸ್ತರು ತೀರಿಕೊಂಡ ಸುದ್ದಿಯನ್ನು ನನಗೆ ತಂದದ್ದು ಸಿಮೆಂಟಿನ ಲಾರಿ. ಮಸ್ಕಿಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟುಕೊಂಡೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಲಾರಿಗಳು ತಡವಾಗಿ ಬರುತ್ತವೆ, ತಡವಾದುದಕ್ಕೆ ಕಾರಣಗಳನ್ನು ತರುತ್ತವೆ, ಕೆಲವೊಮ್ಮೆ ಸಿಮೆಂಟನ್ನೂ ತರುತ್ತವೆ. ಸಾವಿನ ಸುದ್ದಿ ತರುವಷ್ಟು ಘನತೆ ಅವಕ್ಕಿದೆಯೆಂದು ನಾನು ಎಣಿಸಿರಲಿಲ್ಲ. ಸಿಂಧನೂರಿನಿಂದ ಬಂದ ಡ್ರೈವರು ಕೆಳಗಿಳಿದವನೇ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿದ.

“ಸಾವ್ಕಾರ್ರ, ನಿಮ್ಮ ಮಾಸ್ತರು ಹೋಗಿಬಿಟ್ರರಿ. ಜವಳಗೇರಾದ ಆಚಿಗೆ ಒಂದು ಹಳ್ಳ್ಯಾಗ ಇದ್ರಲ್ಲ, ಅಲ್ಲೇ. ಮುಂಜಾನಿ ಚಾ ಕುಡದು ಗುಡಿಕಟ್ಟಿಗೆ ಒರಗ್ಯಾರ. ಎಬ್ಬಸಾಕ ಹೋದ್ರ ಎದ್ದಿಲ್ಲ.”

ಅವರು ನನ್ನ ಮಾಸ್ತರಲ್ಲ ಎಂದು ತಿದ್ದಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ. ಅವರು ನನಗೂ ಒಂದು ಪಾತ್ರ ಕಲಿಸಿದ್ದರು. ಮಾತಿಲ್ಲದ ಪಾತ್ರ. ಅದರ ವಿಷಯ ಮುಂದೆ ಬರುತ್ತದೆ.

ಅವರು ಶಾಲೆಯ ಮಾಸ್ತರಲ್ಲ, ಬಯಲಾಟದ ಮಾಸ್ತರು. ಗೊರೇಬಾಳದ ಕಡೆಯವರೆಂದು ಕೆಲವರು, ಅಲ್ಲವೆಂದು ಕೆಲವರು. ಹೆಸರು ಕೇಳಿದರೆ “ಯಾವ ಪಾತ್ರದ್ದರೀ?” ಎಂದು ಕೇಳುತ್ತಿದ್ದರು. ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಗೆ ಆಟ ಕಲಿಸಲು ಬಂದವರು, ಆಟ ಮುಗಿದರೂ ಹೋಗಲಿಲ್ಲ. ಯಾರೂ ಹೋಗೆಂದು ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ಚಾವಡಿಯಲ್ಲಿ ಮಲಗುತ್ತಿದ್ದರು, ಕರೆದವರ ಮನೆಯಲ್ಲಿ ಉಣ್ಣುತ್ತಿದ್ದರು. ಉದ್ದನೆಯ ಆಳು, ತೆಳ್ಳನೆಯ ಮೀಸೆ, ಹೆಗಲ ಮೇಲೊಂದು ಕೆಂಪು ವಲ್ಲಿ.

ಯಾವ ಮನೆಗೇ ಹೋಗಲಿ, ಅಂಗಡಿಗೇ ಬರಲಿ, ನೇರವಾಗಿ ಒಳಗೆ ಬರುವ ಅಭ್ಯಾಸ ಅವರಿಗಿರಲಿಲ್ಲ. ಹೊಸ್ತಿಲಲ್ಲಿ ನಿಂತು ವಲ್ಲಿ ಸರಿಪಡಿಸಿಕೊಳ್ಳುವರು. ಗಂಟಲು ಸರಿಮಾಡಿಕೊಳ್ಳುವರು. ಒಳಗಿದ್ದವರನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿ, ಆಮೇಲೆ ಬಲಗಾಲಿಡುವರು. ಪಾವು ಕಿಲೊ ಮೊಳೆ ಕೇಳಲು ಇಷ್ಟು ದೊಡ್ಡ ಪ್ರವೇಶ ಬೇಕೇ ಎಂದು ಒಮ್ಮೆ ಕೇಳಿಬಿಟ್ಟೆ.

“ಒಳಗ ಬರೂದು ಗೊತ್ತಿಲ್ಲದಾವ ಒಳಗ ಕುಂತು ಏನ್ ಮಾಡ್ತಾನರೀ ಸಾವ್ಕಾರ್ರ?” ಎಂದರು. ನಾನು ಮೊಳೆ ತೂಗಿದೆ.

ಆ ಹಳ್ಳಿಯಲ್ಲಿ ಹಳ್ಳದ ದಂಡೆಗೆ ಒಂದು ಕೇರಿ ಇತ್ತು. ಕೂಲಿಯವರದು. ಬೆಳಗಾದರೆ ಟಂಟಂ ಆಟೋ ಹತ್ತಿ ಕಾಲುವೆ ಸೀಮೆಗೆ ಭತ್ತ ನಾಟಿಗೆ ಹೋಗುವವರು, ಉಳಿದ ದಿನ ಊರ ಎರೆಹೊಲಗಳಲ್ಲಿ ದುಡಿಯುವವರು. ಪ್ರತಿ ಮಳೆಗಾಲ ಹಳ್ಳದ ನೀರು ಕೇರಿಯನ್ನು ನೋಡಿಕೊಂಡು ಹೋಗಲು ಬರುತ್ತಿತ್ತು, ಮಣ್ಣಿನ ಗೋಡೆಗಳು ಅದರ ಗೌರವಾರ್ಥ ಒಂದೊಂದಾಗಿ ಕುಕ್ಕರಿಸುತ್ತಿದ್ದವು. ಕೊನೆಗೆ ಕೇರಿಯವರೆಲ್ಲ ಸಂಘ ಮಾಡಿಕೊಂಡರು. ಊರ ಮೇಲುಗಡೆ ಗಟ್ಟಿ ನೆಲದ ಒಂದು ಬಯಲು ಸಿಕ್ಕಿತು. ಸಾಮಾನಿಗೆ ಸರ್ಕಾರದ ಯೋಜನೆಯ ನೆರವು, ಕೆಲಸಕ್ಕೆ ಮುಯ್ಯಿ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಕೂಲಿಯಿಲ್ಲದೆ ಆಳು ಬದಲಾಯಿಸಿಕೊಳ್ಳುವ ಪದ್ಧತಿ ಅವರಿಗೆ ಹೊಸದಲ್ಲ. ಹೊಲದಿಂದ ಅದನ್ನು ಗೋಡೆಗೆ ತಂದರು, ಅಷ್ಟೇ. ಕಲ್ಲು, ಸಿಮೆಂಟು ಉಳಿಯಲೆಂದು ಎಲ್ಲ ಮನೆಗಳೂ ಒಂದೇ ಸಾಲು, ಎರಡು ಮನೆಗೆ ನಡುವೆ ಒಂದೇ ಗೋಡೆ. ಹಾಗಾಗಿ ಒಬ್ಬರು ಒಲ್ಲೆನೆಂದರೂ ಆಚೆಯವರಿಗೆ ಗೋಡೆಯಿಲ್ಲ, ಈಚೆಯವರಿಗೂ ಇಲ್ಲ. ಎಲ್ಲರೂ ಹೂಂ ಎನ್ನುವ ತನಕ ಬುನಾದಿಗೆ ಗುದ್ದಲಿ ಹಾಕಬಾರದೆಂದು ಅವರೇ ಕಟ್ಟು ಮಾಡಿಕೊಂಡರು.

ಇಂಥ ಸಂಘಕ್ಕೆ ಮಾಸ್ತರು ಯಾವಾಗ ಸೇರಿದರೆಂದು ಯಾರಿಗೂ ಗೊತ್ತಿಲ್ಲ. ಸಿಮೆಂಟಿನ ಮಾತಾಡಲು ನನ್ನ ಅಂಗಡಿಗೆ ಬಂದ ಗುಂಪಿನಲ್ಲಿ ಅವರಿದ್ದರು. ನಾನು ಹುರುಪಿನಿಂದ ಎದ್ದು, ಮಾಲು ಯಾವಾಗ ಕಳಿಸಲಿ ಎಂದೆ.

“ತಾಲೀಮು ಆಗ್ಲಿ ತಡ್ರಿ” ಎಂದರು ಮಾಸ್ತರು.

“ಮನಿಗೆ ಎಂಥ ತಾಲೀಮರೀ?”

“ಒಂದು ರಾತ್ರಿ ಆಟಕ್ಕ ಆರು ತಿಂಗಳ ತಾಲೀಮು ಮಾಡಸ್ತೀವಿ. ಇದು ಇದ್ದಷ್ಟು ದಿನಾ ಆಡೂದು. ತಾಲೀಮು ಇಲ್ದ ಮಾಡೂದು ಮದುವಿ ಒಂದ ನೋಡ್ರಿ, ಅದಕ್ಕ ಅದು ಹಂಗ ಆಗ್ಯಾದ.”

ಮದುವೆಯಾದವರೆಲ್ಲ ತಲೆದೂಗಿದರು. ನನ್ನ ಮಾಲು ಗೋದಾಮಿನಲ್ಲೇ ಉಳಿಯಿತು.

ತಾಲೀಮೆಂದರೆ ಹೀಗೆ. ಬಯಲಿನಲ್ಲಿ ಒಲೆಬೂದಿಯಿಂದ ಮನೆಗಳ ಗೆರೆ ಹಾಕುವುದು. ಗೋಡೆ ಇರುವಲ್ಲಿ ಗೆರೆ, ಬಾಗಿಲಿರುವಲ್ಲಿ ಖಾಲಿ. ಸಂಜೆ ಕೂಲಿಯಿಂದ ಬಂದವರು ತಮ್ಮ ತಮ್ಮ ಗೆರೆಯೊಳಗೆ ಹೋಗಿ ಸಂಸಾರ ಮಾಡಬೇಕು. ಒಲೆ ಹೂಡಬೇಕು, ಚಾಪೆ ಹಾಸಬೇಕು, ಮೈನೆರೆದ ಮಗಳಿದ್ದರೆ ಆಕೆಗೊಂದು ಮರೆ ಎಲ್ಲಿ ಸಿಗುತ್ತದೆಂದು ನೋಡಬೇಕು. ಸರಿಬಾರದಿದ್ದರೆ ಗೆರೆಯನ್ನು ಕಾಲಿನಿಂದ ಒರೆಸಿ ಬೇರೆ ಹಾಕುವುದು. “ಈಗ ಕಾಲಿಲೆ ಒರಸ್ರಿ. ಮುಂದ ಗ್ವಾಡಿ ಒಡಿಯಾಕ ಹಾರಿ ಹಿಡೀಬೇಕಾಗ್ತದ” ಎನ್ನುತ್ತಾ ಮಾಸ್ತರು ಸಾಲಿನುದ್ದಕ್ಕೂ ಓಡಾಡುತ್ತಿದ್ದರು.

ಮಾಲಿನ ಚಿಂತೆಯಿಂದ ನಾನೂ ಆಗಾಗ ಬೈಕಿನಲ್ಲಿ ಹೋಗಿ ನೋಡುತ್ತಿದ್ದೆ. ಹೊತ್ತು ಇಳಿಯುವ ವೇಳೆಗೆ ಆ ಬಯಲು ದೂರದಿಂದ ಬೇರೆಯೇ ಕಾಣುತ್ತಿತ್ತು. ಸೂರಿಲ್ಲ, ಗೋಡೆಯಿಲ್ಲ, ಆದರೂ ಜನ ಚೌಕ ಚೌಕವಾಗಿ ಕೂತಿರುತ್ತಿದ್ದರು. ಹೊಗೆ ಮೇಲೇರುವ ಮುನ್ನ ಇಲ್ಲದ ಮಾಳಿಗೆಯ ಕೆಳಗೆ ಒಂದು ಗಳಿಗೆ ನಿಂತಂತೆ ತೋರುತ್ತಿತ್ತು. ಹತ್ತಿರ ಹೋದರೆ ಇನ್ನೂ ವಿಚಿತ್ರ. ಅಷ್ಟು ದೊಡ್ಡ ಆಕಾಶದ ಕೆಳಗೆ ಅವರೆಲ್ಲ ಮನೆಯೊಳಗಿನ ದನಿಯಲ್ಲಿ, ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು.

ಮೊದಲ ದಿನ ನಾನು ತಿಳಿಯದೆ ಸೀದಾ ನಡುವೆ ನಡೆದುಹೋಗಿ ನಿಂತು, ಸಿಮೆಂಟಿನ ಮಾತು ತೆಗೆದೆ. ಯಂಕಮ್ಮ ಎಂಬ ಹೆಣ್ಣುಮಗಳು ಸೆರಗು ಮುಖಕ್ಕೆಳೆದುಕೊಂಡು ಕೂಗಿದಳು.

“ಸಾವ್ಕಾರ್ರ, ಮೊದಲ ಹೊರಗ ಬರ್ರಿ! ನೀವು ನಿಂತಿದ್ದು ನಮ್ಮ ಬಚ್ಚಲದಾಗ!”

ನಾನು ಕ್ಷಮೆ ಕೇಳಿ ಹೊರಬಂದೆ. ಬಾಗಿಲಿನಿಂದಲೇ ಬಂದೆ.

ಈ ಯಂಕಮ್ಮನ ಗಂಡ ಅಮರಪ್ಪ. ಮಾಸ್ತರ ಆಟದಲ್ಲಿ ರಾಣಿಯ ವೇಷ ಹಾಕುವವನು, ಆದ್ದರಿಂದ ಸ್ವಲ್ಪ ಬಿಂಕ. ಒಂದು ಸಂಜೆ ಇಬ್ಬರಿಗೂ ಜಗಳವಾಗಿ ಯಂಕಮ್ಮ ಬೂದಿಮನೆಯೊಳಗೆ ಹೋಗಿ, ಗಾಳಿಯಲ್ಲಿ ಬಾಗಿಲು ಎಳೆದುಕೊಂಡು ಅಗಳಿ ಹಾಕಿದಳು. ಅಮರಪ್ಪ ಹೊರಗೆ ನಿಂತ.

“ಬಾಗಲ ತಗಿಯಬೇ.”

“ತಗಿಯಂಗಿಲ್ಲ. ಹಾಕೀನಿ ಅಗಳಿ.”

“ಮಂದಿ ನೋಡಾಕತ್ತಾರ, ತಗಿ.”

“ನೋಡ್ಲಿ. ಗ್ವಾಡಿ ಐತಿ, ಹೆಂಗ ನೋಡ್ತಾರ?”

ಒಂದು ಹೆಜ್ಜೆ ಎತ್ತಿಟ್ಟರೆ ಒಳಗೆ ಹೋಗಬಹುದಾದ ಆ ಗಂಡಸು, ಊಟದ ಹೊತ್ತು ಮೀರಿದರೂ ಇಲ್ಲದ ಬಾಗಿಲಿನ ಮುಂದೆ ಕೂತೇ ಇದ್ದ. ಯಾರೂ ನಗಲಿಲ್ಲ. ನಾನು ನಗಲು ಹೊರಟು, ಒಬ್ಬನೇ ಆಗುವೆನೆಂದು ಬಿಟ್ಟೆ. ಲಿಂಗಸುಗೂರಿನಿಂದ ಬಂದ ಇಂಜಿನಿಯರ ಸಾಹೇಬರು ಕೂಡ ಮೊದಲು ಎರಡು ಗೋಡೆ ತುಳಿದು ಬೈಸಿಕೊಂಡು, ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ಒಳಗೆ ಬಂದರು. “ಹೊರಗಿನ ಅಳತಿ ಮೀರಬ್ಯಾಡ್ರಿ, ಒಳಗ ನಿಮ್ಮ ಖುಷಿ” ಎಂದು ಚಹಾ ಕುಡಿದು ಹೋದರು.

ಎಲ್ಲರೂ ಹೂಂ ಎಂದರು. ಒಬ್ಬಾಕೆ ಎನ್ನಲಿಲ್ಲ.

ದುರುಗಮ್ಮ. ದೇವಿಯ ಮುಂದೆ ಚೀಟಿ ಎತ್ತಿದಾಗ ಸಾಲಿನ ನಟ್ಟನಡುವಿನ ಮನೆ ಬಂದದ್ದು ಆಕೆಗೆ. ಕಣ್ಣು ಹೋಗಿ ಕೆಲವು ವರ್ಷ. ಕಣ್ಣು ಹೋದರೂ ಕೈ ಹೋಗಿರಲಿಲ್ಲ. ಜೋಳದ ರೊಟ್ಟಿ ಬಡಿದು ಮಸ್ಕಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ನಾಟಿಗೆ ಹೋಗುವ ಮಗಳು ಹುಲಿಗೆಮ್ಮ ಬೆಳಿಗ್ಗೆ ಕಟ್ಟು ಒಯ್ದು ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟು ಹೋಗುತ್ತಿದ್ದಳು. ಅಷ್ಟೂ ಮನೆಗಳ ಗೆರೆಗೆ ಬಳಸಿದ ಬೂದಿ ಬಹುಪಾಲು ದುರುಗಮ್ಮನ ಒಲೆಯದೇ. ಆದರೆ ಗೆರೆಯಿಂದ ಆಕೆಗೇನು ಪ್ರಯೋಜನ? ಮಗಳ ಕೈ ಹಿಡಿದು ಬಂದು ತನ್ನ ಮನೆಯ ನಡುವೆ ನಿಂತಳು. ಗಾಳಿ ಆಕೆಯ ಸೀರೆಯನ್ನು ನಾಲ್ಕೂ ಕಡೆಯಿಂದ ಜಗ್ಗುತ್ತಿತ್ತು.

“ಮಾಸ್ತರ, ಇದು ಬಯಲೋ. ನೀವೆಲ್ಲ ಕಣ್ಣಿದ್ದವರು ಮನಿ ಅಂತೀರಿ. ನನಗ ಬರೇ ಗಾಳಿ.”

“ಕಟ್ಟಿದ ಮ್ಯಾಲ ಗೊತ್ತಾಗ್ತದ ದುರುಗವ್ವ.”

“ಕಟ್ಟಿದ ಮ್ಯಾಲ ಏನ್ ಗೊತ್ತಾಗ್ತದ? ನೋಡು, ಹಳೇ ಗುಡಿಸಲದಾಗ ನಾ ಕುರುಡಿ ಅಲ್ಲ. ಎಲ್ಲಿ ಕೈ ಇಟ್ರ ಏನು ಅಂತ ಗೊತ್ತೈತಿ. ಹೊಸ ಮನಿಗೆ ಬಂದ್ರ ಆ ಹೊತ್ತಿನಿಂದ ಕುರುಡಿ ಆಗ್ತೀನಿ. ಒಲ್ಲೆ. ನಡಿ ಹುಲಿಗಿ.”

ಹೋಗಿಯೇಬಿಟ್ಟಳು. ಮುಂಗಾರು ಹತ್ತಿರ ಬರುತ್ತಿತ್ತು. ಆಕೆಯೊಬ್ಬಳಿಗಾಗಿ ಇನ್ನೊಂದು ಮಳೆಗಾಲ ಹಳ್ಳದ ನೀರಿನಲ್ಲಿ ಕೂರುವುದೇ ಎಂದು ಕೆಲವರು ಗೊಣಗಿದರು. ಆಕೆಯನ್ನು ಬಿಟ್ಟು ಕಟ್ಟೋಣವೆಂದೂ ಯಾರೋ ಅಂದರು. ನಟ್ಟನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಸಾಲು ನಿಲ್ಲುತ್ತದೆಯೇ ಎಂದು ಗೋಡೆ ಕಟ್ಟುವ ಗೌಂಡಿ ಖಾಜಾಸಾಬ ಕೇಳಿದ. ಬೆದರಿಸಿಯೂ ನೋಡಿದರು, ಅತ್ತೂ ನೋಡಿದರು. ಆಕೆ ರೊಟ್ಟಿ ಬಡಿಯುತ್ತಲೇ ಇದ್ದಳು.

ಮಾಸ್ತರು ಬುದ್ಧಿ ಹೇಳಲು ಹೋಗಲಿಲ್ಲ. ಆಕೆಯ ಗುಡಿಸಲಿಗೆ ಹೋಗಿ, ಯಥಾಪ್ರಕಾರ ಹೊಸ್ತಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, ಕೆಂಪು ವಲ್ಲಿಯನ್ನು ಕಣ್ಣಿಗೆ ಕಟ್ಟಿಕೊಂಡು ಒಳಗೆ ಬಲಗಾಲಿಟ್ಟರು. ಆ ಮಧ್ಯಾಹ್ನ ಅಲ್ಲಿದ್ದ ಹುಲಿಗೆಮ್ಮ ಹೇಳುವ ಪ್ರಕಾರ, ಮೊದಲು ತೊಲೆಗೆ ಹಣೆ ಬಡಿಯಿತು. ಆಮೇಲೆ ಹಿಟ್ಟಿನ ಡಬ್ಬಿ ಉರುಳಿತು. ಆಮೇಲೆ ಬಿಸಿ ಹೆಂಚಿಗೆ ಬೆರಳು ತಾಗಿತು. ಮಾಸ್ತರು ವಲ್ಲಿ ಬಿಚ್ಚಲಿಲ್ಲ. ದುರುಗಮ್ಮ ಬಿದ್ದು ಬಿದ್ದು ನಗುತ್ತಾ, “ಎಡಕ್ಕ ಬಾರೋ, ಎಡಕ್ಕ! ಹಿಂಗೇನೋ ನೀ ರಾಜನ ಪಾತ್ರ ಕಲಸೂದು?” ಎಂದು ಕೈ ಹಿಡಿದು ಗುಡಿಸಲೆಲ್ಲ ತಿರುಗಿಸಿದಳಂತೆ. ಇಲ್ಲಿ ಕುಂತರೆ ಎಡಗೈಗೆ ಹಿಟ್ಟು, ಬಲಗೈಗೆ ನೀರು, ಬೆನ್ನಿಗೆ ತಡಿಕೆ, ಮುಖಕ್ಕೆ ಒಲೆಯ ಕಾವು. ಹೀಗೆ ಸಂಜೆಯತನಕ.

ಮರುದಿನ ಹೊತ್ತಿಳಿಯುವ ಮುನ್ನ ಮಾಸ್ತರು ಕೇರಿಯ ಜನರನ್ನೆಲ್ಲ ಬಯಲಿಗೆ ಕರೆದರು. ದುರುಗಮ್ಮನ ಮನೆಯ ಗೆರೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಅವರನ್ನು ನಿಲ್ಲಿಸಿದರು. ಜನರೇ ಗೋಡೆ. ಮೂಲೆಗೆ ಖಾಜಾಸಾಬ. ಮೂರು ದಿನದಿಂದ ಮಾತು ಬಿಟ್ಟಿದ್ದ ಅಮರಪ್ಪ ಯಂಕಮ್ಮರನ್ನು ಬಾಗಿಲಿಗೆ ಎದುರುಬದುರು ನಿಲ್ಲಿಸಿ, “ಎದುರಿಗಿದ್ರೂ ಕೂಡಂಗಿಲ್ಲ. ಚೌಕಟ್ಟಿಗೆ ನೀವಿಬ್ರ ಬರಾಬರಿ” ಎಂದರು. ಮಾಲಿನ ವಿಚಾರ ಕೇಳಲು ಬಂದಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು.

“ಸಾವ್ಕಾರ್ರ, ನೀವು ಕಿಟಕಿ.”

ಎರಡು ಕೈಗಳನ್ನು ಚೌಕವಾಗಿ ಮುಂದೆ ಹಿಡಿದು ನಾನು ಕಿಟಕಿಯಾದೆ. ನನ್ನ ವಂಶದಲ್ಲಿ ವೇಷ ಕಟ್ಟಿದವರು ಯಾರೂ ಇಲ್ಲ. ಈ ಕೀರ್ತಿ ನನಗೇ ಮೊದಲು. ಮಾಸ್ತರು ತಾವು ಒಲೆಯ ಹಿಂದಿನ ಗೋಡೆಯಾಗಿ, ಇಳಿಬಿಸಿಲಿಗೆ ಮುಖ ಕೊಟ್ಟು ನಿಂತರು. ಹುಲಿಗೆಮ್ಮ ತಾಯಿಯನ್ನು ಕರೆತಂದಳು.

ದುರುಗಮ್ಮನ ಕೈ ಮೊದಲು ಯಂಕಮ್ಮನ ಮುಖಕ್ಕೆ ಹೋಯಿತು. “ಈ ಬಾಗಲಕ್ಕ ಬಾಯಿ ಬಾಳ ಐತಿ. ಗೊತ್ತಾತು” ಎಂದಳು. ಒಳಗೆ ಬಂದು ಎಡಗೈಯಿಂದ ಒಬ್ಬೊಬ್ಬರ ಭುಜ ಸವರುತ್ತಾ ಹೊರಟಳು. ಮೂಲೆಗೆ ಬಂದು ಮೂಸಿದಳು. “ಸಾಬಾ, ಸುಣ್ಣದ ವಾಸ್ನಿ. ಇದೊಂದು ಖರೇ ಗ್ವಾಡಿ.” ನನ್ನ ಹತ್ತಿರ ಬಂದು ನಿಂತು, ಎರಡೂ ಕೈಗಳ ನಡುವೆ ತನ್ನ ಕೈ ತೂರಿಸಿದಳು. ಅದು ಗಾಳಿಗೆ ತಾಗುವ ಬದಲು ಬೇರೆಯದಕ್ಕೆ ತಾಗಿತು.

“ಮಾಸ್ತರ, ಈ ಕಿಟಕಿಗೆ ಹೊಟ್ಟಿ ಐತಲ್ಲೋ!”

“ಸಾವ್ಕಾರ್ರು ಬೇ ಅವ್ರು.”

“ಹೌದಾ? ಹಂಗಾರ ಗಾಳಿ ಬರಂಗಿಲ್ಲ ಬಿಡು. ಬಾಗಲದ ಕಡಿ ಸರಸು.”

ನನ್ನನ್ನು ಸರಿಸಿದರು. ಆಕೆ ಕುಳಿತು ತೋಳು ಚಾಚಿದಳು. ಎಡಗಡೆಯ ಗೋಡೆ ಕೈಗೆ ಎಟುಕಲಿಲ್ಲ. “ಕುಂತಲ್ಲೇ ಹಿಟ್ಟಿನ ಡಬ್ಬಿ ಸಿಗಬೇಕು. ಬಾ ಈಕಡಿ” ಎಂದಳು. ಗೋಡೆ ಒಂದಾಗಿ ಪಾದ ಎಳೆಯುತ್ತಾ ಹತ್ತಿರ ಬಂತು. “ಸಾಕು.” ನಿಂತಿತು. ಖಾಜಾಸಾಬ ಕಾಲಲ್ಲೇ ಅಲ್ಲೊಂದು ಕಲ್ಲು ನೂಕಿ ಗುರುತಿಟ್ಟ. ಆಮೇಲೆ ದುರುಗಮ್ಮ ಇಲ್ಲದ ಕೊಣಮಿಗೆಯಲ್ಲಿ ಇಲ್ಲದ ಹಿಟ್ಟು ನಾದಿ, ಇಲ್ಲದ ರೊಟ್ಟಿಯನ್ನು ಬಡಿಯತೊಡಗಿದಳು. ಬರಿಗೈಯ ಸಪ್ಪಳ ಬಯಲಿಗೆಲ್ಲ ಕೇಳುತ್ತಿತ್ತು. ಗೋಡೆಗಳು ಉಸಿರು ಬಿಗಿಹಿಡಿದಿದ್ದವು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಬಿಸಿಲು ಒಬ್ಬೊಬ್ಬರ ಹೆಗಲಿನಿಂದ ಇಳಿದುಹೋಯಿತು. ನನ್ನ ಕೈ ನೋಯುತ್ತಿದ್ದರೂ ಇಳಿಸುವ ಮನಸ್ಸಾಗಲಿಲ್ಲ. ಇಳಿಸಿದರೆ ಆ ಮನೆಗೆ ಬೆಳಕು ಬರುವುದು ನಿಂತೀತೆಂದು ತೋರಿತು.

ಆಕೆ ಕೈ ನಿಲ್ಲಿಸಿದಳು.

“ಎಲ್ಲಾ ಬರಾಬರಿ ಐತಿ. ಆದ್ರ ಏನೂ ಕೇಳಂಗಿಲ್ಲ ಆಗ್ತದ. ಅಲ್ಲಿ ತಡಿಕಿ ಇತ್ತು. ಯಾರ ಒಲಿ ಹತ್ತ್ಯಾದ, ಯಾರು ಬಂದಾರ, ಯಾರ ಕೂಸು ಅತ್ತೈತಿ, ಅದನ್ನ ಕೇಳೇ ನನಗ ಹೊತ್ತು ಗೊತ್ತಾಗೂದು. ಕಲ್ಲಿನ ಗ್ವಾಡಿ ಇಟ್ರ ಕಿವಿನೂ ಹೋಗ್ತಾವ. ಎರಡೂ ಕಡಿ ಗ್ವಾಡ್ಯಾಗ ಆರಪಾರ ಒಂದೊಂದು ಗೂಡು ಬಿಡ್ರಿ.”

“ಗೂಡು ಬಿಟ್ರ ನಮ್ಮ ಜಗಳ ಎಲ್ಲಾ ಈಕಿಗೆ ಕೇಳ್ತಾವ!” ಎಂದು ಪಕ್ಕದ ಮನೆಯ ಯಂಕಮ್ಮ ಬಾಗಿಲಿನಿಂದಲೇ ಕೂಗಿದಳು.

“ಈಗೇನು ಕೇಳಂಗಿಲ್ಲೇನ ಯವ್ವಾ?”

ಇದಕ್ಕೆ ಊರಿಗೆ ಊರೇ ಸಾಕ್ಷಿಯಿತ್ತು. ಮೇಲೆ ಕಲ್ಲು ಚಪ್ಪಡಿ ಕೊಟ್ಟರೆ ಗೋಡೆಗೆ ಧೋಕಾ ಇಲ್ಲವೆಂದ ಖಾಜಾಸಾಬ.

“ಆತು. ಕಟ್ರಿ” ಎಂದಳು ದುರುಗಮ್ಮ.

ಯಾರೂ ಅಲುಗಾಡಲಿಲ್ಲ. ಒಂದು ಗಳಿಗೆ ಬಿಟ್ಟು ಮಾಸ್ತರೇ ಹೇಳಬೇಕಾಯಿತು: “ಗ್ವಾಡಿಗೋಳು ಇನ್ನ ಮನಿಗೆ ಹೋಗಬೌದು.”

ಮುಂಗಾರಿಗೆ ಮೊದಲು ಬುನಾದಿ, ಮಳೆಯ ಬಿಡುವಿನಲ್ಲಿ ಗೋಡೆ. ನನ್ನ ಮಾಲೂ ಗೋದಾಮು ಬಿಟ್ಟು ಹೊರಟಿತು. ಮುಯ್ಯಿಯ ಕೆಲಸದಲ್ಲಿ ಮಾಸ್ತರಿಂದ ಒಂದು ಕಲ್ಲೂ ನೆಟ್ಟಗೆ ಏಳಲಿಲ್ಲವೆಂಬುದನ್ನು ಸತ್ಯದ ದೃಷ್ಟಿಯಿಂದ ದಾಖಲಿಸಬೇಕು. ಅವರು ತಾಳ ಹಾಕುತ್ತಿದ್ದರು. ಬುಟ್ಟಿ ಕೈಯಿಂದ ಕೈಗೆ ಅದರ ಲಯಕ್ಕೆ ಸಾಗುತ್ತಿತ್ತು. ದುರುಗಮ್ಮನ ಗೂಡುಗಳನ್ನು ನೋಡಿ ಎಲ್ಲರಿಗೂ ಗೂಡು ಬೇಕಾಯಿತು. ಮೊದಲು ಕೇಳಿದವಳು ಯಂಕಮ್ಮ.

ಕೊನೆಗೆ ಮಾಸ್ತರಿಗೂ ಒಂದು ಖೋಲಿ ಕಟ್ಟಿಕೊಡುತ್ತೇವೆಂದರು. ಅವರು ಕೈ ಮುಗಿದರು. “ಬ್ಯಾಡ್ರಪ್ಪಾ. ಒಳಗ ಬರೂತನಾ ಬರ್ತದ ನನಗ. ಒಳಗ ಬಂದಮ್ಯಾಲ ಮುಂದಿನ ಮಾತು ಮರ್ತು ಹೋಗ್ತದ.” ಅಷ್ಟರಲ್ಲಿ ಕೇರಿಯ ಹೆಂಗಸರು ಜವಳಗೇರಾದ ಕಡೆ ನಾಟಿಗದ್ದೆಗಳಲ್ಲಿ ಈ ಸುದ್ದಿ ಹೇಳಿದ್ದರಿಂದ ಅಲ್ಲಿಯ ಕೂಲಿಯವರೂ ಮಾಸ್ತರನ್ನು ಕಳಿಸಿರೆಂದು ಬೆನ್ನು ಹತ್ತಿದ್ದರು. ಒಂದು ಬೆಳಿಗ್ಗೆ ನಾಟಿಯವರು ತುಂಬಿದ್ದ ಟಂಟಮ್ಮಿನಲ್ಲಿ, ಬುತ್ತಿಗಂಟುಗಳ ನಡುವೆ ಚೀಲ ಇಟ್ಟುಕೊಂಡು ಹೊರಟುಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಸಾವಿನ ಸುದ್ದಿ ತಂದ ಲಾರಿ ಖಾಲಿಯಾದ ಮೇಲೆ ಅಂಗಡಿ ಮುಚ್ಚಿ ಬೈಕು ಹತ್ತಿದೆ. ಹೊಸ ಸಾಲಿನ ಬೀದಿ ಸಂಜೆಯ ಹೊಗೆಯಲ್ಲಿ ಮೆತ್ತಗೆ ಕಾಣುತ್ತಿತ್ತು. ದುರುಗಮ್ಮ ಒಲೆಯ ಮುಂದಿದ್ದಳು. ನನ್ನ ಹೆಜ್ಜೆ ಕೇಳಿ ಎದ್ದು, ಗೋಡೆ ಮುಟ್ಟದೆ ನಡೆದು ಹೋಗಿ, ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ನಾನು ಸುದ್ದಿ ಹೇಳಿದೆ.

ಆಕೆ ಅಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿಯನ್ನು ಮೊದಲು ತಿರುವಿ ಹಾಕಿದಳು. ಆಮೇಲೆ ಎಡಗಡೆಯ ಗೂಡಿಗೆ ಬಾಯಿಟ್ಟು, “ಯಂಕಿ, ಮಾಸ್ತರ ಹೋಗ್ಯಾನಂತ” ಎಂದಳು. ಬಲಗಡೆಯ ಗೂಡಿಗೂ ಹೋಗಿ ಅಂದಳು. ಗೋಡೆಯಾಚೆ ಒಂದು ಉದ್ಗಾರ, ಪಾತ್ರೆ ಕೆಳಗಿಟ್ಟ ಸದ್ದು. ಅದರಾಚೆಯ ಗೋಡೆಗೆ ಅದೇ ಮಾತು, ಇನ್ನೊಬ್ಬರ ದನಿಯಲ್ಲಿ. ಅದರಾಚೆ ಇನ್ನೂ ಸಣ್ಣಗೆ. ನಟ್ಟನಡುವಿನ ಆ ಮನೆಯಲ್ಲಿ ಕೂತು, ಆ ಮಾತು ಎರಡೂ ಕಡೆಗೆ ಮನೆಯಿಂದ ಮನೆಗೆ ದೂರವಾಗುತ್ತಾ ಹೋಗುವುದನ್ನು ಕೇಳಿದೆ. ಕೊನೆಗೆ ನನಗೆ ಏನೂ ಕೇಳದಾಯಿತು. ದುರುಗಮ್ಮ ಮಾತ್ರ ಕಿವಿ ಹಚ್ಚಿಯೇ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಅತ್ತ ಕಡೆಯಿಂದ ಏನೋ ತಿರುಗಿ ಬರತೊಡಗಿತು. ಯಂಕಮ್ಮನ ದನಿಯಲ್ಲಿ ನಮ್ಮ ಗೂಡಿಗೆ ಮುಟ್ಟಿತು:

“ಕಡೀ ಮನಿಯವರು ಕೇಳ್ಯಾರ. ಅಲ್ಲಿ ಮನಿ ಕೆಲಸ ಎಲ್ಲಿತನಾ ಬಂದೈತಂತ?”

ದುರುಗಮ್ಮ ನನ್ನ ಕಡೆ ಮುಖ ತಿರುಗಿಸಿದಳು. ಡ್ರೈವರು ಹೇಳಿದ್ದನ್ನೇ ಹೇಳಿದೆ. ಅಲ್ಲಿ ಗೆರೆ ಹಾಕಿದ್ದಾರೆ, ತಾಲೀಮು ಈಗಷ್ಟೇ ಶುರುವಾಗಿತ್ತು. ಬುನಾದಿ ತೆಗೆದಿಲ್ಲ. ಮುಂದೇನೆಂದು ಆ ಜನಕ್ಕೆ ತಿಳಿಯದಾಗಿದೆ.

ಆಕೆ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಕೈ ಝಾಡಿಸಿ, ಒಲೆಯಲ್ಲಿ ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದಳು.

“ಸಾವ್ಕಾರ್ರ, ನಾಳಿ ಮುಂಜಾನಿಗೆ ದೊಡ್ಡ ಗಾಡಿ ಒಂದು ಹೇಳ್ರಿ. ಎಲ್ಲಾರೂ ಹೋಗೂಣು, ಮುಯ್ಯಿ ಅಂತ ಹೋಗೂಣು. ನಾನೂ ಬರ್ತೀನಿ. ಬಯಲಾಗ ಗಾಳಿ ಎದ್ರ ಬೂದಿ ನಿಂದ್ರಂಗಿಲ್ಲರೀ. ಒಲಿ ಎಲ್ಲಿ ಅಂತ ಗುರುತು ಹೋಗೂದ್ರಾಗ ಮುಟ್ಟಬೇಕು.”